ಒತ್ತಡ ರಕ್ಷಣಾ ಕವಾಟ: ಭಾರಿ ವಾಹನಗಳ ಗಾಳಿ ಬ್ರೇಕಿನಲ್ಲಿ ಅದರ ಕೆಲಸ ಮತ್ತು ನಿರ್ವಹಣೆ

ಒತ್ತಡ ರಕ್ಷಣಾ ಕವಾಟವು ಲಾರಿ, ಬಸ್ಸು, ಟ್ರೇಲರುಗಳಂಥ ಭಾರಿ ವಾಹನಗಳ ಗಾಳಿ ಬ್ರೇಕ್ ವ್ಯವಸ್ಥೆಯಲ್ಲಿ ಒಂದು ಸರ್ಕ್ಯೂಟಿನ ಗಾಳಿ ಸೋರಿಹೋದಾಗ ಉಳಿದ ಸರ್ಕ್ಯೂಟುಗಳ ಗಾಳಿಯೂ ಅದರೊಂದಿಗೆ ಖಾಲಿಯಾಗದಂತೆ ತಡೆಯುವ, ಒತ್ತಡಕ್ಕೆ ತಕ್ಕಂತೆ ತಾನಾಗಿ ತೆರೆದು ಮುಚ್ಚಿಕೊಳ್ಳುವ ಸಾಧನ. ಗಾಳಿಯ ಒತ್ತಡ ನಿಗದಿತ ಮಟ್ಟಕ್ಕೆ ಏರಿದಾಗ ಅದು ತೆರೆದು ಮುಂದಿನ ಸರ್ಕ್ಯೂಟಿಗೆ ಗಾಳಿ ಬಿಡುತ್ತದೆ. ಒತ್ತಡ ಇನ್ನೊಂದು ನಿಗದಿತ ಮಟ್ಟಕ್ಕಿಂತ ಕೆಳಗೆ ಇಳಿದಾಗ ಮುಚ್ಚಿಕೊಂಡು ಹಿಂದಿನ ಸರ್ಕ್ಯೂಟುಗಳಲ್ಲಿರುವ ಗಾಳಿಯನ್ನು ಉಳಿಸುತ್ತದೆ. ಇಲ್ಲಿ ಸರ್ಕ್ಯೂಟ್ ಎಂದರೆ ಒಂದು ಗಾಳಿ ಟ್ಯಾಂಕ್, ಅದರಿಂದ ಹೊರಡುವ ಕೊಳವೆಗಳು ಮತ್ತು ಅವು ಗಾಳಿ ಒದಗಿಸುವ ಸಾಧನಗಳೆಲ್ಲ ಸೇರಿದ ಒಂದು ಘಟಕ.

ಈ ಕವಾಟದ ನಿರ್ವಹಣೆಗೆ ಒಂದು ವಿಶೇಷವಿದೆ. ವಾಹನದ ಬೇರೆಲ್ಲ ಭಾಗಗಳೂ ಸರಿಯಾಗಿರುವವರೆಗೆ ಕವಾಟ ಮುಚ್ಚಿಕೊಳ್ಳಬೇಕಾದ ಸಂದರ್ಭವೇ ಬರುವುದಿಲ್ಲ. ಹೀಗಾಗಿ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡ ಕವಾಟವಿರುವ ವಾಹನವೂ ನಿತ್ಯದ ಓಡಾಟದಲ್ಲಿ ಯಾವ ವ್ಯತ್ಯಾಸವನ್ನೂ ತೋರಿಸುವುದಿಲ್ಲ. ಎಲ್ಲೋ ಒಂದು ಕೊಳವೆ ಒಡೆದಾಗ ಮಾತ್ರ ಆ ದೋಷ ಬಯಲಾಗುತ್ತದೆ. ಆದ್ದರಿಂದ ಕವಾಟವನ್ನು ಉದ್ದೇಶಪೂರ್ವಕವಾಗಿ ಪರೀಕ್ಷಿಸುವುದೇ ನಿರ್ವಹಣೆಯ ಮುಖ್ಯ ಭಾಗವಾಗಿದೆ.

ಪರಿಭಾಷೆ

ಕಾರ್ಯಾಗಾರಗಳಲ್ಲಿ ಈ ಸಾಧನವನ್ನು ಪ್ರೊಟೆಕ್ಷನ್ ವಾಲ್ವ್, ಸಿಸ್ಟಂ ಪ್ರೊಟೆಕ್ಷನ್ ವಾಲ್ವ್ ಎಂದು ಕರೆಯುತ್ತಾರೆ. ನಾಲ್ಕು ಸರ್ಕ್ಯೂಟುಗಳನ್ನು ಕಾಯುವ ನಮೂನೆಗೆ ಫೋರ್ ಸರ್ಕ್ಯೂಟ್ ಪ್ರೊಟೆಕ್ಷನ್ ವಾಲ್ವ್ ಎಂಬ ಹೆಸರಿದೆ. ಇದರೊಂದಿಗೆ ಬೆರೆಸಬಾರದ ಮೂರು ಸಾಧನಗಳಿವೆ. ಸುರಕ್ಷತಾ ಕವಾಟ ಅಥವಾ ಸೇಫ್ಟಿ ವಾಲ್ವ್ ಒತ್ತಡ ಮಿತಿಮೀರಿದಾಗ ಗಾಳಿಯನ್ನು ಹೊರಗೆ ಬಿಡುತ್ತದೆ. ಅದು ಹೆಚ್ಚಿನ ಒತ್ತಡದಿಂದ ಕಾಯುವ ಸಾಧನ. ಏಕಮುಖ ಕವಾಟ ಅಥವಾ ಚೆಕ್ ವಾಲ್ವ್ ಗಾಳಿಯನ್ನು ಒಂದೇ ದಿಕ್ಕಿನಲ್ಲಿ ಹರಿಯಗೊಡುತ್ತದೆ. ಅದಕ್ಕೆ ನಿಗದಿತ ಒತ್ತಡಮಟ್ಟವಿಲ್ಲ. ಟ್ರ್ಯಾಕ್ಟರ್ ರಕ್ಷಣಾ ಕವಾಟವು ಟ್ರೇಲರ್ ಕಳಚಿಕೊಂಡಾಗ ಅಥವಾ ಅದರ ಕೊಳವೆ ಹರಿದಾಗ ಎಳೆಯುವ ವಾಹನದ ಗಾಳಿಯನ್ನು ಉಳಿಸುತ್ತದೆ. ಅದರ ಜಾಗವೂ ನಿಯಂತ್ರಣವೂ ಬೇರೆ.

ಈ ಲೇಖನದಲ್ಲಿ ಮುಚ್ಚಿದ ಕವಾಟ ತೆರೆಯಲು ಬೇಕಾದ ಒತ್ತಡವನ್ನು ತೆರೆಯುವ ಒತ್ತಡ ಎಂದೂ ತೆರೆದ ಕವಾಟ ಮುಚ್ಚಿಕೊಳ್ಳುವ ಮಟ್ಟವನ್ನು ಮುಚ್ಚುವ ಒತ್ತಡ ಎಂದೂ ಕರೆಯಲಾಗಿದೆ. ಒತ್ತಡವನ್ನು ಯುರೋಪಿನಲ್ಲಿ ಬಾರ್‌ಗಳಲ್ಲೂ ಅಮೆರಿಕದಲ್ಲಿ ಪಿಎಸ್‌ಐಗಳಲ್ಲೂ ಅಳೆಯುತ್ತಾರೆ. 1 ಬಾರ್ ಸುಮಾರು 14.5 ಪಿಎಸ್‌ಐಗೆ ಸಮ.

ಹುಟ್ಟು ಮತ್ತು ಬೆಳವಣಿಗೆ

ಗಾಳಿ ಬ್ರೇಕ್ ಮೊದಲು ಬಂದದ್ದು ರೈಲಿಗೆ. ಅಮೆರಿಕದ ಜಾರ್ಜ್ ವೆಸ್ಟಿಂಗ್‌ಹೌಸ್ 1869ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಮೊದಲ ವಿನ್ಯಾಸದಲ್ಲಿ ಕೊಳವೆ ಒಡೆದರೆ ಬ್ರೇಕ್ ಇಲ್ಲವಾಗುತ್ತಿತ್ತು. 1872ರಲ್ಲಿ ರೂಪಿಸಿದ ಸ್ವಯಂಚಾಲಿತ ಬ್ರೇಕಿನಲ್ಲಿ ಪ್ರತಿ ಬೋಗಿಗೂ ತನ್ನದೇ ಗಾಳಿ ಟ್ಯಾಂಕ್ ಇತ್ತು. ಕೊಳವೆಯ ಒತ್ತಡ ಕುಸಿದರೆ ಬ್ರೇಕ್ ತಾನಾಗಿ ಹಿಡಿಯುತ್ತಿತ್ತು. 1920ರ ದಶಕದಲ್ಲಿ ಅಮೆರಿಕ ಮತ್ತು ಜರ್ಮನಿಯಲ್ಲಿ ಗಾಳಿ ಬ್ರೇಕ್ ಲಾರಿಗಳಿಗೂ ಬಂದಿತು. 1930ರಲ್ಲಿ ಅಮೆರಿಕದಲ್ಲಿ ರಸ್ತೆ ವಾಹನಗಳ ಗಾಳಿ ಬ್ರೇಕಿಗೆಂದೇ ಬೆಂಡಿಕ್ಸ್-ವೆಸ್ಟಿಂಗ್‌ಹೌಸ್ ಕಂಪನಿ ಸ್ಥಾಪನೆಯಾಯಿತು.

ರಸ್ತೆ ವಾಹನದ ಕಾಲು ಬ್ರೇಕ್ ಕೆಲಸಮಾಡುವುದು ರೈಲಿನ ಸ್ವಯಂಚಾಲಿತ ಬ್ರೇಕಿಗೆ ವಿರುದ್ಧವಾದ ರೀತಿಯಲ್ಲಿ. ಚಾಲಕ ಪೆಡಲ್ ಒತ್ತಿದಾಗ ಟ್ಯಾಂಕಿನ ಗಾಳಿ ಬ್ರೇಕ್ ಚೇಂಬರಿಗೆ ನುಗ್ಗಿ ಬ್ರೇಕ್ ಹಿಡಿಯುತ್ತದೆ. ಗಾಳಿ ಇಲ್ಲದಿದ್ದರೆ ಕಾಲು ಬ್ರೇಕ್ ಇಲ್ಲ. ಒಂದೇ ಸರ್ಕ್ಯೂಟಿನ ವಾಹನದಲ್ಲಿ ಒಂದು ಕೊಳವೆ ಒಡೆದರೆ ಎಲ್ಲ ಗಾಲಿಗಳ ಬ್ರೇಕೂ ಹೋಗುವ ಅಪಾಯವಿತ್ತು. ಇದಕ್ಕೆ ಪರಿಹಾರವಾಗಿ ಮುಂದಿನ ಮತ್ತು ಹಿಂದಿನ ಗಾಲಿಗಳಿಗೆ ಬೇರೆ ಬೇರೆ ಸರ್ಕ್ಯೂಟುಗಳು ಬಂದವು. ಒಂದೇ ಕಂಪ್ರೆಸರಿನಿಂದ ಎರಡೂ ತುಂಬಬೇಕು, ಆದರೆ ಒಂದರ ಸೋರಿಕೆ ಇನ್ನೊಂದಕ್ಕೆ ತಗಲಬಾರದು ಎಂಬ ಅಗತ್ಯದಿಂದ ರಕ್ಷಣಾ ಕವಾಟಗಳು ಬೆಳೆದವು. ಕಾನೂನುಗಳೂ ಈ ಬೆಳವಣಿಗೆಗೆ ಒತ್ತು ಕೊಟ್ಟವು. ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದ 13ನೇ ನಿಯಮ 1970ರಲ್ಲಿ, ಯುರೋಪಿಯನ್ ಸಮುದಾಯದ ಬ್ರೇಕ್ ನಿರ್ದೇಶನ 1971ರಲ್ಲಿ, ಅಮೆರಿಕದ ಫೆಡರಲ್ ವಾಹನ ಸುರಕ್ಷತಾ ಮಾನದಂಡ 121 ಎಂಬುದು 1975ರಲ್ಲಿ ಜಾರಿಗೆ ಬಂದವು.

ವ್ಯವಸ್ಥೆಯಲ್ಲಿ ಕವಾಟದ ಸ್ಥಾನ

ಎಂಜಿನಿನಿಂದ ತಿರುಗುವ ಕಂಪ್ರೆಸರ್ ಗಾಳಿಯನ್ನು ಒತ್ತುತ್ತದೆ. ಗವರ್ನರ್ ಅಥವಾ ಅನ್‌ಲೋಡರ್ ಕವಾಟವು ವ್ಯವಸ್ಥೆಯ ಒತ್ತಡವನ್ನು ಎರಡು ಮಿತಿಗಳ ನಡುವೆ ಇಡುತ್ತದೆ. ಅಮೆರಿಕದ ವಾಹನಗಳಲ್ಲಿ ಇವು ಸಾಮಾನ್ಯವಾಗಿ ಸುಮಾರು 100 ಮತ್ತು 125 ಪಿಎಸ್‌ಐ. ಒತ್ತಿದ ಗಾಳಿ ಬಿಸಿಯಾಗಿರುತ್ತದೆ, ಅದರಲ್ಲಿ ನೀರಿನ ಆವಿಯೂ ಕಂಪ್ರೆಸರಿನ ಎಣ್ಣೆಯ ಅಂಶವೂ ಇರುತ್ತವೆ. ಏರ್ ಡ್ರೈಯರ್ ಇವುಗಳ ಬಹುಭಾಗವನ್ನು ತೆಗೆಯುತ್ತದೆ. ಅಲ್ಲಿಂದ ಗಾಳಿ ರಕ್ಷಣಾ ಕವಾಟಕ್ಕೆ, ಅದರ ಮೂಲಕ ಬೇರೆ ಬೇರೆ ಟ್ಯಾಂಕುಗಳಿಗೆ ಹೋಗುತ್ತದೆ.

ಯುರೋಪಿಯನ್ ಮಾದರಿಯ ವಾಹನಗಳಲ್ಲಿ ಎಲ್ಲ ಸರ್ಕ್ಯೂಟುಗಳೂ ಒಂದೇ ನಾಲ್ಕು ಸರ್ಕ್ಯೂಟ್ ಕವಾಟದಿಂದ ಕವಲೊಡೆಯುತ್ತವೆ. ಅಮೆರಿಕದ ಮಾದರಿಯಲ್ಲಿ ಡ್ರೈಯರಿನಿಂದ ಬಂದ ಗಾಳಿ ಮೊದಲು ಪೂರೈಕೆ ಟ್ಯಾಂಕಿಗೆ ಸೇರಿ, ಅಲ್ಲಿಂದ ಏಕಮುಖ ಕವಾಟಗಳ ಮೂಲಕ ಎರಡು ಕಾಲು ಬ್ರೇಕ್ ಟ್ಯಾಂಕುಗಳಿಗೆ ಹೋಗುತ್ತದೆ. ಗಾಳಿ ಸಸ್ಪೆನ್ಷನ್ ಮೊದಲಾದ ಪೂರಕ ಸಾಧನಗಳ ಕೊಳವೆ ಹೊರಡುವಲ್ಲಿ ಒಂಟಿ ಒತ್ತಡ ರಕ್ಷಣಾ ಕವಾಟವಿರುತ್ತದೆ.

ಕವಾಟದ ಬಾಯಿಗಳನ್ನು ಐಎಸ್‌ಒ 6786 ಮಾನದಂಡದ ಅಂಕೆಗಳಿಂದ ಗುರುತಿಸುತ್ತಾರೆ. 1 ಎಂದರೆ ಗಾಳಿ ಒಳಬರುವ ಬಾಯಿ, 2 ಹೊರಹೋಗುವ ಬಾಯಿ, 3 ವಾತಾವರಣಕ್ಕೆ ಬಿಡುವ ಬಾಯಿ, 4 ನಿಯಂತ್ರಣದ ಬಾಯಿ. ನಾಲ್ಕು ಸರ್ಕ್ಯೂಟ್ ಕವಾಟದ ಹೊರಬಾಯಿಗಳು 21, 22, 23, 24. ಸಾಮಾನ್ಯವಾಗಿ 21 ಮತ್ತು 22 ಎರಡು ಕಾಲು ಬ್ರೇಕ್ ಸರ್ಕ್ಯೂಟುಗಳಿಗೆ, 23 ನಿಲುಗಡೆ ಬ್ರೇಕ್ ಮತ್ತು ಟ್ರೇಲರಿಗೆ, 24 ಪೂರಕ ಸಾಧನಗಳಿಗೆ ಸೇರುತ್ತವೆ.

ರಚನೆ

ಒಂಟಿ ಕವಾಟದಲ್ಲಿ ಲೋಹದ ಕವಚ, ಕವಾಟದ ಪೀಠ, ಪೀಠದ ಮೇಲೆ ಕೂರುವ ರಬ್ಬರ್ ಅಂಚಿನ ಪಿಸ್ಟನ್ ಅಥವಾ ಡಯಾಫ್ರಂ, ಅದನ್ನು ಕೆಳಕ್ಕೆ ಒತ್ತಿಹಿಡಿಯುವ ಸ್ಪ್ರಿಂಗ್ ಮತ್ತು ಸ್ಪ್ರಿಂಗಿನ ಬಿಗಿಯನ್ನು ನಿಗದಿಪಡಿಸುವ ತಿರುಪು ಇರುತ್ತವೆ. ಸ್ಪ್ರಿಂಗ್ ಇರುವ ಕೋಣೆ ಸಣ್ಣ ರಂಧ್ರದ ಮೂಲಕ ಹೊರಗಾಳಿಗೆ ತೆರೆದಿರುತ್ತದೆ. ಈ ರಂಧ್ರ ಕಟ್ಟಿಕೊಂಡರೆ ಅಥವಾ ಡಯಾಫ್ರಂ ಹರಿದು ಕೋಣೆಯೊಳಗೆ ಗಾಳಿ ನುಗ್ಗಿದರೆ ಸ್ಪ್ರಿಂಗಿನ ಲೆಕ್ಕ ತಪ್ಪುತ್ತದೆ.

ನಾಲ್ಕು ಸರ್ಕ್ಯೂಟ್ ಕವಾಟದಲ್ಲಿ ಇಂಥ ನಾಲ್ಕು ಘಟಕಗಳು ಒಂದೇ ಕವಚದಲ್ಲಿರುತ್ತವೆ. ಹಲವು ನಮೂನೆಗಳಲ್ಲಿ 23 ಮತ್ತು 24ಕ್ಕೆ ಗಾಳಿ ಹೋಗುವುದು 21 ಮತ್ತು 22ರ ಘಟಕಗಳನ್ನು ದಾಟಿ, ಒಳಗಿನ ಏಕಮುಖ ಕವಾಟಗಳ ಮೂಲಕ. ಹೀಗಾಗಿ ಕಾಲು ಬ್ರೇಕಿನ ಟ್ಯಾಂಕುಗಳಿಗೆ ಗಾಳಿ ಸಿಕ್ಕ ನಂತರವೇ ಉಳಿದವುಗಳ ಸರದಿ ಬರುತ್ತದೆ. ಕೆಲವು ನಮೂನೆಗಳ ಕಾಲು ಬ್ರೇಕ್ ಘಟಕಗಳಲ್ಲಿ ಪೀಠವನ್ನು ಬಳಸಿ ಹೋಗುವ ಕಿರಿದಾದ ಬೈಪಾಸ್ ರಂಧ್ರವಿದ್ದು, ಪೂರ್ತಿ ಖಾಲಿಯಾದ ವ್ಯವಸ್ಥೆಗೂ ಮೊದಲಿನಿಂದ ನಿಧಾನವಾಗಿ ಗಾಳಿ ಸೇರಲು ದಾರಿ ಮಾಡಿಕೊಡುತ್ತದೆ.

ಕೆಲಸ ಮಾಡುವ ಬಗೆ

ಕವಾಟದ ಎರಡು ಒತ್ತಡಗಳು ಬೇರೆಬೇರೆಯಾಗಲು ಕಾರಣ ಗಾಳಿ ತಾಗುವ ವಿಸ್ತೀರ್ಣ. ಕವಾಟ ಮುಚ್ಚಿದ್ದಾಗ ಒಳಬರುವ ಗಾಳಿ ಪೀಠದ ಒಳಗಿನ ಸಣ್ಣ ವಿಸ್ತೀರ್ಣವನ್ನು ಮಾತ್ರ ಒತ್ತುತ್ತದೆ. ತೆರೆದ ಮೇಲೆ ಡಯಾಫ್ರಂನ ಇಡೀ ವಿಸ್ತೀರ್ಣವನ್ನು ಒತ್ತುತ್ತದೆ. 1 ಬಾರ್ ಒತ್ತಡ 1 ಚದರ ಸೆಂಟಿಮೀಟರಿನ ಮೇಲೆ 10 ನ್ಯೂಟನ್ ಬಲ ಹಾಕುತ್ತದೆ. ಪೀಠದ ವಿಸ್ತೀರ್ಣ 2 ಚದರ ಸೆಂ.ಮೀ., ಡಯಾಫ್ರಂನ ಒಟ್ಟು ವಿಸ್ತೀರ್ಣ 2.5 ಚದರ ಸೆಂ.ಮೀ., ಸ್ಪ್ರಿಂಗಿನ ಬಲ 140 ನ್ಯೂಟನ್ ಎಂದು ಇಟ್ಟುಕೊಂಡರೆ, ಮುಂದಿನ ಸರ್ಕ್ಯೂಟ್ ಪೂರ್ತಿ ಖಾಲಿಯಿದ್ದಾಗ ಕವಾಟ 7 ಬಾರ್‌ಗೆ ತೆರೆಯುತ್ತದೆ. ತೆರೆದ ಕವಾಟ ಮುಚ್ಚಿಕೊಳ್ಳುವುದು ಒತ್ತಡ 5.6 ಬಾರ್‌ಗೆ ಇಳಿದಾಗ. ಮುಂದಿನ ಸರ್ಕ್ಯೂಟಿನಲ್ಲಿ ಮೊದಲೇ 2 ಬಾರ್ ಉಳಿದಿದ್ದರೆ ಅದು ಪೀಠದ ಹೊರಗಿನ ಉಂಗುರದಾಕಾರದ ಭಾಗವನ್ನು ಒತ್ತಿ ನೆರವಾಗುವುದರಿಂದ ಕವಾಟ 6.5 ಬಾರ್‌ಗೇ ತೆರೆಯುತ್ತದೆ. ಈ ಅಂಕಿಗಳು ತತ್ತ್ವವನ್ನು ತೋರಿಸಲು ಮಾತ್ರ. ನಿಜವಾದ ಕವಾಟದ ಬೆಲೆಗಳನ್ನು ಅದರ ತಯಾರಕರ ಕೈಪಿಡಿಯಲ್ಲಿ ನೋಡಬೇಕು.

ಒಂದು ಸರ್ಕ್ಯೂಟಿನ ಕೊಳವೆ ಒಡೆದಾಗ ನಡೆಯುವುದು ಮೂರು ಹಂತಗಳಲ್ಲಿ. ಮೊದಲಿಗೆ ಎಲ್ಲ ಕವಾಟ ಘಟಕಗಳೂ ತೆರೆದಿರುವುದರಿಂದ ಉಳಿದ ಸರ್ಕ್ಯೂಟುಗಳ ಗಾಳಿಯೂ ಒಡೆದ ಕಡೆಗೆ ಹರಿದು ಒತ್ತಡ ಒಟ್ಟಿಗೆ ಇಳಿಯುತ್ತದೆ. ಒತ್ತಡ ಮುಚ್ಚುವ ಮಟ್ಟವನ್ನು ತಲುಪಿದಾಗ ಒಡೆದ ಸರ್ಕ್ಯೂಟಿನ ಘಟಕ ಮುಚ್ಚಿಕೊಳ್ಳುತ್ತದೆ. ಆ ಸರ್ಕ್ಯೂಟ್ ಖಾಲಿಯಾಗುತ್ತದೆ, ಉಳಿದವು ಅಲ್ಲಿಗೇ ನಿಲ್ಲುತ್ತವೆ. ಕೊನೆಗೆ ಕಂಪ್ರೆಸರ್ ಸರಿಯಿರುವ ಸರ್ಕ್ಯೂಟುಗಳನ್ನು ಮತ್ತೆ ತುಂಬುತ್ತದೆ. ಒತ್ತಡ ಒಡೆದ ಸರ್ಕ್ಯೂಟಿನ ತೆರೆಯುವ ಮಟ್ಟಕ್ಕೆ ಏರಿದಾಗ ಹೆಚ್ಚಿನ ಗಾಳಿ ಆ ಒಡಕಿನಿಂದ ಹೊರಹೋಗುವುದರಿಂದ ಒತ್ತಡ ಅದಕ್ಕಿಂತ ಮೇಲೇರುವುದಿಲ್ಲ. ಆದ್ದರಿಂದ ತೆರೆಯುವ ಒತ್ತಡವೇ ಅವಘಡದ ನಂತರ ಉಳಿದ ಬ್ರೇಕುಗಳಿಗೆ ಸಿಗುವ ಗರಿಷ್ಠ ಒತ್ತಡ.

ಬಗೆಗಳು

ಒಂಟಿ ಸರ್ಕ್ಯೂಟ್ ಕವಾಟಗಳಲ್ಲಿ ಗಾಳಿ ಹಿಂದಿರುಗುವ ರೀತಿಗೆ ಅನುಗುಣವಾಗಿ ಮೂರು ಬಗೆಗಳಿವೆ. ಹಿಂಹರಿವು ಇಲ್ಲದ ಕವಾಟದಲ್ಲಿ ಮುಂದಿನ ಟ್ಯಾಂಕಿಗೆ ಹೋದ ಗಾಳಿ ಹಿಂದಕ್ಕೆ ಬರುವುದಿಲ್ಲ. ಪೂರ್ಣ ಹಿಂಹರಿವಿನ ಕವಾಟದಲ್ಲಿ ಹಿಂದಿನ ಒತ್ತಡ ಕಡಿಮೆಯಾದರೆ ಪೂರಕ ಟ್ಯಾಂಕಿನ ಗಾಳಿ ಬ್ರೇಕಿನ ಕಡೆಗೆ ಮರಳುತ್ತದೆ. ಮಿತ ಹಿಂಹರಿವಿನ ಕವಾಟದಲ್ಲಿ ಮುಚ್ಚುವ ಒತ್ತಡದವರೆಗೆ ಮಾತ್ರ ಹೀಗೆ ಮರಳಬಹುದು. ಹೊರನೋಟಕ್ಕೆ ಈ ಮೂರೂ ಒಂದೇ ರೀತಿ ಕಾಣುವುದರಿಂದ ಬದಲಿ ಭಾಗ ಹಾಕುವಾಗ ಕವಚದ ಮೇಲಿನ ಭಾಗಸಂಖ್ಯೆಯನ್ನು ನೋಡಲೇಬೇಕು.

ಬಹು ಸರ್ಕ್ಯೂಟ್ ಕವಾಟಗಳಲ್ಲಿ ಎರಡು, ಮೂರು ಮತ್ತು ನಾಲ್ಕು ಸರ್ಕ್ಯೂಟುಗಳ ನಮೂನೆಗಳಿವೆ. ಹೊಸ ವಾಹನಗಳಲ್ಲಿ ಡ್ರೈಯರ್, ಒತ್ತಡ ನಿಯಂತ್ರಕ, ರಕ್ಷಣಾ ಕವಾಟ ಮೂರೂ ಸೇರಿದ ಏರ್ ಪ್ರೊಸೆಸಿಂಗ್ ಯೂನಿಟ್ ಎಂಬ ಜೋಡಣೆ ಬಳಕೆಯಲ್ಲಿದೆ. ಅದರ ಇಲೆಕ್ಟ್ರಾನಿಕ್ ರೂಪದಲ್ಲಿ ಒತ್ತಡ ಸಂವೇದಕಗಳೂ ಸೊಲೆನಾಯ್ಡ್ ಕವಾಟಗಳೂ ಇದ್ದು, ಯಾವ ಸರ್ಕ್ಯೂಟ್ ಯಾವಾಗ ತುಂಬಬೇಕೆಂಬುದನ್ನು ನಿಯಂತ್ರಕ ಗಣಕ ನಿರ್ಧರಿಸುತ್ತದೆ.

ಹೊಂದಿಸುವಿಕೆಯ ದೃಷ್ಟಿಯಿಂದ ಕಾರ್ಖಾನೆಯಲ್ಲೇ ನಿಗದಿಪಡಿಸಿ ಮುದ್ರೆಹಾಕಿದ ಕವಾಟಗಳು ಮತ್ತು ತಿರುಪಿನಿಂದ ಹೊಂದಿಸಬಹುದಾದ ಕವಾಟಗಳು ಎಂಬ ವಿಂಗಡಣೆಯೂ ಇದೆ.

ಬಳಕೆಗಳು

ಕಾಲು ಬ್ರೇಕಿನ ಎರಡು ಸರ್ಕ್ಯೂಟುಗಳನ್ನು ಪರಸ್ಪರ ಬೇರ್ಪಡಿಸುವುದು ಕವಾಟದ ಮೊದಲ ಬಳಕೆ. ನಿಲುಗಡೆ ಬ್ರೇಕಿನ ಸರ್ಕ್ಯೂಟನ್ನು ಕಾಯುವುದು ಎರಡನೆಯದು. ಸ್ಪ್ರಿಂಗ್ ಬ್ರೇಕಿನಲ್ಲಿ ಬಲವಾದ ಸ್ಪ್ರಿಂಗ್ ಬ್ರೇಕನ್ನು ಹಿಡಿಯುತ್ತದೆ, ಗಾಳಿ ಅದನ್ನು ಬಿಡಿಸುತ್ತದೆ. ಗಾಳಿ ಹೋದರೆ ಓಡುತ್ತಿರುವ ವಾಹನದ ಹಿಂದಿನ ಗಾಲಿಗಳು ತಾವಾಗಿ ಬಿಗಿದುಕೊಳ್ಳುತ್ತವೆ. ಅಮೆರಿಕದ ಚಾಲಕ ಕೈಪಿಡಿಗಳ ಪ್ರಕಾರ ಒತ್ತಡ 20ರಿಂದ 45 ಪಿಎಸ್‌ಐ ನಡುವೆ ಇಳಿದಾಗ ಸ್ಪ್ರಿಂಗ್ ಬ್ರೇಕ್ ಪೂರ್ತಿ ಹಿಡಿಯುತ್ತದೆ.

ಗಾಳಿಯಿಂದ ನಡೆಯುವ ಪೂರಕ ಸಾಧನಗಳನ್ನು ಬ್ರೇಕಿನಿಂದ ಬೇರ್ಪಡಿಸುವುದು ಮೂರನೆಯ ಬಳಕೆ. ಗಾಳಿ ಸಸ್ಪೆನ್ಷನ್, ಬಸ್ಸಿನ ಬಾಗಿಲು, ಕ್ಲಚ್ ಸರ್ವೊ, ಗೇರ್ ಬದಲಿಸುವ ಸಿಲಿಂಡರ್, ಎಕ್ಸಾಸ್ಟ್ ಬ್ರೇಕ್, ಚಾಲಕನ ಗಾಳಿ ಆಸನ, ಎತ್ತುವ ಆಕ್ಸಲ್, ಗಾಳಿ ಹಾರ್ನ್ ಇವೆಲ್ಲ ಈ ಗುಂಪಿಗೆ ಸೇರುತ್ತವೆ. ಬಸ್ಸುಗಳಲ್ಲಿ ಬಾಗಿಲು ಮತ್ತು ಸಸ್ಪೆನ್ಷನ್ ದಿನವಿಡೀ ಗಾಳಿ ಬಳಸುವುದರಿಂದ ಈ ರಕ್ಷಣೆ ಹೆಚ್ಚು ಮಹತ್ವದ್ದು. ಹರಿದ ಒಂದು ಗಾಳಿ ಬೆಲ್ಲೋ ಬ್ರೇಕಿನ ಟ್ಯಾಂಕನ್ನು ಬರಿದುಮಾಡದಂತೆ ತಡೆಯುವುದು 24ರ ಘಟಕವೇ. ಅಮೆರಿಕದ ಮಾದರಿಯಲ್ಲಿ ಈ ಕೆಲಸಕ್ಕೆ ಹಾಕುವ ಒಂಟಿ ಕವಾಟಗಳು ಸಾಮಾನ್ಯವಾಗಿ 60ರಿಂದ 85 ಪಿಎಸ್‌ಐ ವ್ಯಾಪ್ತಿಯಲ್ಲಿ ಕೆಲಸಮಾಡುತ್ತವೆ.

ಕೆಡಲು ಕಾರಣಗಳು

ಕವಾಟ ಕೆಡಲು ಮುಖ್ಯ ಕಾರಣ ಕೊಳಕು ಗಾಳಿ. ನೀರು ಕವಚದೊಳಗೆ ತುಕ್ಕು ಮತ್ತು ಲೋಹದ ಬಿಳಿ ಪುಡಿಯನ್ನು ಉಂಟುಮಾಡುತ್ತದೆ. ಶೀತ ಪ್ರದೇಶಗಳಲ್ಲಿ ಹೆಪ್ಪುಗಟ್ಟಿ ಪಿಸ್ಟನನ್ನು ಹಿಡಿದಿಡುತ್ತದೆ. ಸವೆದ ಕಂಪ್ರೆಸರಿನಿಂದ ಬರುವ ಎಣ್ಣೆ ಬಿಸಿಗೆ ಕರಕಾಗಿ ಪೀಠದ ಮೇಲೆ ಕೂರುತ್ತದೆ, ರಬ್ಬರನ್ನು ಉಬ್ಬಿಸುತ್ತದೆ. ಹಳೆಯದಾದ ಡ್ರೈಯರ್ ಕಾರ್ಟ್ರಿಜ್‌ನೊಳಗಿನ ತೇವ ಹೀರುವ ಹರಳುಗಳು ಪುಡಿಯಾಗಿ ಗಾಳಿಯೊಂದಿಗೆ ಕವಾಟ ಸೇರುತ್ತವೆ. ಸಂದುಗಳಿಗೆ ಮಿತಿಮೀರಿ ಸುತ್ತಿದ ಟೆಫ್ಲಾನ್ ಟೇಪಿನ ಚೂರುಗಳೂ ಪೀಠದ ನಡುವೆ ಸಿಕ್ಕಿ ಸೋರಿಕೆಗೆ ಕಾರಣವಾಗುತ್ತವೆ.

ಎರಡನೆಯ ಕಾರಣ ವಯಸ್ಸು. ಡಯಾಫ್ರಂ ಮತ್ತು ಓ ರಿಂಗುಗಳ ರಬ್ಬರ್ ಬಿರುಸಾಗಿ ಬಿರುಕುಬಿಡುತ್ತದೆ, ಸ್ಪ್ರಿಂಗ್ ಸೋಲುತ್ತದೆ. ಸ್ಪ್ರಿಂಗ್ ಸೋತರೆ ತೆರೆಯುವ ಮತ್ತು ಮುಚ್ಚುವ ಒತ್ತಡಗಳೆರಡೂ ಇಳಿಯುತ್ತವೆ. ಕವಾಟ ತಡವಾಗಿ ಮುಚ್ಚಿಕೊಂಡು ಬ್ರೇಕಿಗೆ ಕಡಿಮೆ ಗಾಳಿ ಉಳಿಸುತ್ತದೆ. ಮೂರನೆಯ ಕಾರಣ ಮನುಷ್ಯರ ಕೈವಾಡ. ಪೂರಕ ಸಾಧನ ಬೇಗ ಕೆಲಸಮಾಡಲಿ ಎಂದು ತಿರುಪು ಸಡಿಲಿಸುವುದು, ಬಾಯಿಗಳನ್ನು ಅದಲುಬದಲು ಜೋಡಿಸುವುದು, ಬೇರೆ ಒತ್ತಡದ ಬದಲಿ ಕವಾಟ ಹಾಕುವುದು, ಹೆಚ್ಚುವರಿ ಹಾರ್ನಿನ ಕೊಳವೆಯನ್ನು ನೇರವಾಗಿ ಬ್ರೇಕ್ ಟ್ಯಾಂಕಿಗೇ ಸೇರಿಸುವುದು ಇವು ಸಾಮಾನ್ಯ ತಪ್ಪುಗಳು. ಕೊನೆಯದರಲ್ಲಿ ಕವಾಟ ಸರಿಯಿದ್ದರೂ ಅದರ ರಕ್ಷಣೆ ಇಲ್ಲವಾಗುತ್ತದೆ.

ದೋಷದ ಲಕ್ಷಣಗಳು

ಮುಚ್ಚಿಕೊಂಡೇ ಉಳಿದ ಕವಾಟ ಬೇಗ ಗೊತ್ತಾಗುತ್ತದೆ: ಒಂದು ಸರ್ಕ್ಯೂಟಿನ ಟ್ಯಾಂಕ್ ತುಂಬುವುದಿಲ್ಲ, ಸಸ್ಪೆನ್ಷನ್ ಮೇಲೇಳುವುದಿಲ್ಲ, ಬಾಗಿಲು ಚಲಿಸುವುದಿಲ್ಲ ಅಥವಾ ನಿಲುಗಡೆ ಬ್ರೇಕ್ ಬಿಡುವುದಿಲ್ಲ. ತೆರೆದೇ ಉಳಿದ ಕವಾಟದಲ್ಲಿ ಇಂಥ ಸೂಚನೆ ಇರುವುದಿಲ್ಲ. ಒಂದು ಟ್ಯಾಂಕಿನ ಗಾಳಿ ಬಿಟ್ಟಾಗ ಇನ್ನೊಂದರ ಗೇಜ್ ಮುಳ್ಳು ಅದರೊಂದಿಗೆ ಸೊನ್ನೆಯವರೆಗೆ ಇಳಿಯುವುದೇ ಅದರ ಖಚಿತ ಲಕ್ಷಣ. ರಾತ್ರಿ ನಿಂತ ವಾಹನದಲ್ಲಿ ಬೆಳಿಗ್ಗೆ ಎಲ್ಲ ಸರ್ಕ್ಯೂಟುಗಳೂ ಒಟ್ಟಿಗೆ ಖಾಲಿಯಾಗಿದ್ದರೆ ಸೋರಿಕೆಯ ಜತೆಗೆ ಕವಾಟದ ಮೇಲೂ ಅನುಮಾನಪಡಬೇಕು. ಸ್ಪ್ರಿಂಗ್ ಕೋಣೆಯ ರಂಧ್ರದಿಂದ ನಿರಂತರವಾಗಿ ಗಾಳಿ ಬರುತ್ತಿದ್ದರೆ ಡಯಾಫ್ರಂ ಅಥವಾ ಓ ರಿಂಗ್ ಹರಿದಿದೆ ಎಂದರ್ಥ.

ಎಲ್ಲ ದೋಷಗಳನ್ನೂ ಕವಾಟದ ಮೇಲೆ ಹೊರಿಸುವಂತಿಲ್ಲ. ಟ್ಯಾಂಕುಗಳು ನಿಧಾನವಾಗಿ ತುಂಬಲು ಸವೆದ ಕಂಪ್ರೆಸರ್, ಕಟ್ಟಿಕೊಂಡ ಡ್ರೈಯರ್, ಕರಕು ತುಂಬಿದ ಕೊಳವೆ ಇವೂ ಕಾರಣವಾಗಬಹುದು. ಕವಾಟದ ಮುಂದೆ ಮತ್ತು ಹಿಂದೆ ಒಂದೊಂದು ಗೇಜ್ ಜೋಡಿಸಿ ಎರಡೂ ಅಂಕಿಗಳನ್ನು ಹೋಲಿಸುವುದರಿಂದ ದೋಷದ ಜಾಗ ತಿಳಿಯುತ್ತದೆ.

ಪರೀಕ್ಷೆ

ಪರೀಕ್ಷೆಗೆ ಮೊದಲು ವಾಹನವನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ ಗಾಲಿಗಳಿಗೆ ಅಡೆ ಇಡಬೇಕು. ಗಾಳಿ ಬಿಡುವಾಗ ಸ್ಪ್ರಿಂಗ್ ಬ್ರೇಕಿನ ತಳ್ಳುಕೋಲು ಮತ್ತು ಸ್ಲಾಕ್ ಅಡ್ಜಸ್ಟರ್ ಹಠಾತ್ತಾಗಿ ಚಲಿಸುತ್ತವೆ, ಗಾಳಿ ಸಸ್ಪೆನ್ಷನ್ ಇರುವ ವಾಹನದ ದೇಹ ಕುಸಿಯುತ್ತದೆ. ಆದ್ದರಿಂದ ಚಾಸಿಗೆ ಆಧಾರ ಕೊಡದೆ ವಾಹನದ ಕೆಳಗೆ ಹೋಗಬಾರದು. ಒತ್ತಡವಿರುವ ಕೊಳವೆಯನ್ನು ಬಿಚ್ಚಬಾರದು. ಡ್ಯಾಶ್‌ಬೋರ್ಡಿನ ಗೇಜ್ ಅಂದಾಜಿಗೆ ಸಾಕಾದರೂ ಕವಾಟದ ಒತ್ತಡ ನಿರ್ಧರಿಸಲು ನಿಖರತೆ ಪರಿಶೀಲಿಸಿದ ಪ್ರತ್ಯೇಕ ಗೇಜ್ ಬಳಸಬೇಕು.

ಮೊದಲನೆಯದು ಸೋರಿಕೆಯ ಪರೀಕ್ಷೆ. ವ್ಯವಸ್ಥೆಯನ್ನು ಪೂರ್ತಿ ತುಂಬಿಸಿ ಎಂಜಿನ್ ನಿಲ್ಲಿಸಿ ಗೇಜ್ ನೋಡಬೇಕು. ಅಮೆರಿಕದ ಚಾಲಕ ಕೈಪಿಡಿಗಳಲ್ಲಿ ಬ್ರೇಕ್ ಬಿಟ್ಟ ಸ್ಥಿತಿಯಲ್ಲಿ ಒಂಟಿ ವಾಹನಕ್ಕೆ ನಿಮಿಷಕ್ಕೆ 2 ಪಿಎಸ್‌ಐ, ಟ್ರೇಲರ್ ಜೋಡಿಸಿದ ವಾಹನಕ್ಕೆ 3 ಪಿಎಸ್‌ಐ ಇಳಿತ ಮಿತಿ. ಪೆಡಲ್ ಒತ್ತಿಹಿಡಿದಾಗ ಈ ಮಿತಿಗಳು ಕ್ರಮವಾಗಿ 3 ಮತ್ತು 4 ಪಿಎಸ್‌ಐ. ಇಳಿತ ಹೆಚ್ಚಿದ್ದರೆ ಕವಾಟದ ಕವಚ, ಸಂದುಗಳು, ರಂಧ್ರಗಳಿಗೆ ಸೋಪುನೀರು ಹಚ್ಚಿ ಗುಳ್ಳೆಗಳನ್ನು ಗಮನಿಸಬೇಕು.

ಎರಡನೆಯದು ತೆರೆಯುವ ಒತ್ತಡದ ಪರೀಕ್ಷೆ. ಎಲ್ಲ ಟ್ಯಾಂಕುಗಳನ್ನೂ ಖಾಲಿಮಾಡಿ, ಕವಾಟದ ಒಳಬಾಯಿಗೂ ಪರೀಕ್ಷಿಸಬೇಕಾದ ಹೊರಬಾಯಿಗೂ ಗೇಜ್ ಜೋಡಿಸಿ ಎಂಜಿನ್ ಚಾಲೂ ಮಾಡಬೇಕು. ಹೊರಬಾಯಿಯ ಗೇಜ್ ಮುಳ್ಳು ಚುರುಕಾಗಿ ಏರತೊಡಗಿದ ಕ್ಷಣದಲ್ಲಿ ಒಳಬಾಯಿಯ ಗೇಜ್ ತೋರಿಸುವ ಅಂಕಿಯೇ ತೆರೆಯುವ ಒತ್ತಡ. ಬೈಪಾಸ್ ರಂಧ್ರವಿರುವ ಘಟಕಗಳಲ್ಲಿ ಅದಕ್ಕೂ ಮೊದಲೇ ಮುಳ್ಳು ನಿಧಾನವಾಗಿ ಸರಿಯುವುದು ದೋಷವಲ್ಲ.

ಮೂರನೆಯದು ಮುಚ್ಚುವ ಒತ್ತಡದ ಪರೀಕ್ಷೆ. ವ್ಯವಸ್ಥೆ ತುಂಬಿದ ಮೇಲೆ ಎಂಜಿನ್ ನಿಲ್ಲಿಸಿ, ಒಂದು ಸರ್ಕ್ಯೂಟಿನ ಟ್ಯಾಂಕಿನ ಡ್ರೈನ್ ಕವಾಟ ತೆರೆದು ಉಳಿದ ಸರ್ಕ್ಯೂಟುಗಳ ಗೇಜ್ ನೋಡಬೇಕು. ಮುಳ್ಳುಗಳು ಇಳಿದು ಒಂದು ಅಂಕಿಯಲ್ಲಿ ನಿಲ್ಲಬೇಕು. ಅದೇ ಮುಚ್ಚುವ ಒತ್ತಡ. ತೆರೆದ ಟ್ಯಾಂಕ್ ಪೂರ್ತಿ ಬರಿದಾದ ಮೇಲೂ ಉಳಿದವು ಆ ಅಂಕಿಯಲ್ಲೇ ಇರಬೇಕು. ಹಿಂಹರಿವು ಇಲ್ಲದ ಘಟಕಗಳ ಮುಂದಿರುವ ಟ್ಯಾಂಕುಗಳು ಇಳಿಯದೆ ಮೊದಲಿನ ಒತ್ತಡದಲ್ಲೇ ನಿಲ್ಲಬಹುದು.

ನಾಲ್ಕನೆಯದರಲ್ಲಿ ಅದೇ ಡ್ರೈನ್ ತೆರೆದಿರುವಂತೆಯೇ ಎಂಜಿನ್ ಚಾಲೂ ಮಾಡಿ, ಸರಿಯಿರುವ ಸರ್ಕ್ಯೂಟುಗಳು ತೆರೆಯುವ ಒತ್ತಡದವರೆಗೆ ತುಂಬಿಕೊಳ್ಳುತ್ತವೆಯೇ ಎಂದು ನೋಡುತ್ತಾರೆ. ನಾಲ್ಕು ಸರ್ಕ್ಯೂಟುಗಳಿಗೂ ಒಂದೊಂದಾಗಿ ಹೀಗೆ ಮಾಡಿದಾಗ ಪರೀಕ್ಷೆ ಪೂರ್ಣವಾಗುತ್ತದೆ. ಅಮೆರಿಕದ ಮಾದರಿಯ ವಾಹನದಲ್ಲಿ ಪೂರೈಕೆ ಟ್ಯಾಂಕನ್ನು ಖಾಲಿಮಾಡಿ, ಎರಡು ಬ್ರೇಕ್ ಟ್ಯಾಂಕುಗಳ ಒತ್ತಡ ಇಳಿಯದಿರುವುದನ್ನು ನೋಡಿ ಏಕಮುಖ ಕವಾಟಗಳನ್ನೂ ಪರೀಕ್ಷಿಸಬೇಕು. ಕಡಿಮೆ ಒತ್ತಡದ ಎಚ್ಚರಿಕೆ ದೀಪ ಮತ್ತು ಬಜರ್ ನಿಗದಿತ ಮಟ್ಟದಲ್ಲಿ ಹತ್ತಿಕೊಳ್ಳುವುದನ್ನೂ ಇದೇ ಹೊತ್ತಿನಲ್ಲಿ ನೋಡಬಹುದು. ಅಮೆರಿಕದಲ್ಲಿ ಈ ಮಟ್ಟ 60 ಪಿಎಸ್‌ಐ.

ದುರಸ್ತಿ ಮತ್ತು ಬದಲಾವಣೆ

ಮುದ್ರೆಹಾಕಿದ ಕವಾಟದ ಅಂಕಿಗಳು ತಪ್ಪಿದರೆ ಅದನ್ನು ಬದಲಿಸಬೇಕು. ಬಿಚ್ಚಿ ಜೋಡಿಸಬಹುದಾದ ನಮೂನೆಗಳಿಗೆ ತಯಾರಕರು ಡಯಾಫ್ರಂ, ಓ ರಿಂಗ್, ಸ್ಪ್ರಿಂಗ್ ಇರುವ ರಿಪೇರಿ ಕಿಟ್ ಕೊಡುತ್ತಾರೆ. ಕಿಟ್‌ನ ಎಲ್ಲ ಭಾಗಗಳನ್ನೂ ಒಟ್ಟಿಗೆ ಹಾಕಬೇಕು. ಹಳೆಯ ರಬ್ಬರ್ ಭಾಗವನ್ನು ಉಳಿಸಿಕೊಳ್ಳಬಾರದು.

ಬಿಚ್ಚುವ ಮೊದಲು ಎಲ್ಲ ಟ್ಯಾಂಕುಗಳ ಗಾಳಿಯನ್ನು ಪೂರ್ತಿ ಬಿಟ್ಟು, ಕೊಳವೆಗಳಿಗೆ ಬಾಯಿಯ ಅಂಕೆಯ ಚೀಟಿ ಕಟ್ಟಬೇಕು. ಸ್ಪ್ರಿಂಗಿನ ಮುಚ್ಚಳ ಒತ್ತಡದಲ್ಲಿರುವುದರಿಂದ ಅದನ್ನು ಒತ್ತಿಹಿಡಿದು ನಿಧಾನವಾಗಿ ತೆಗೆಯಬೇಕು. ಲೋಹದ ಭಾಗಗಳನ್ನು ತಯಾರಕರು ಹೇಳಿದ ದ್ರಾವಕದಿಂದ ತೊಳೆದು ಒಣಗಿಸುತ್ತಾರೆ. ಪೀಠದ ಮೇಲೆ ಗೀರು ಅಥವಾ ಗುಳಿ ಇದ್ದರೆ ಉಜ್ಜಿ ಸರಿಪಡಿಸದೆ ಕವಾಟವನ್ನೇ ಬದಲಿಸಬೇಕು. ಪೆಟ್ರೋಲಿಯಂ ಗ್ರೀಸ್ ಹಲವು ಬಗೆಯ ರಬ್ಬರನ್ನು ಉಬ್ಬಿಸುವುದರಿಂದ ತಯಾರಕರು ಸೂಚಿಸಿದ, ಹೆಚ್ಚಾಗಿ ಸಿಲಿಕೋನ್ ಮೂಲದ ಗ್ರೀಸನ್ನೇ ತೆಳುವಾಗಿ ಹಚ್ಚಬೇಕು. ಜೋಡಿಸುವಾಗ ಸ್ಪ್ರಿಂಗ್ ಕೋಣೆಯ ರಂಧ್ರದಲ್ಲಿ ನೀರು, ಕೆಸರು ನಿಲ್ಲದಂತೆ ಕವಾಟವನ್ನು ಕೈಪಿಡಿ ಹೇಳಿದ ದಿಕ್ಕಿನಲ್ಲೇ ಕೂರಿಸಬೇಕು. ಬಣ್ಣ ಬಳಿಯುವಾಗಲೂ ತೊಳೆಯುವಾಗಲೂ ಈ ರಂಧ್ರ ಮುಚ್ಚಿಹೋಗದಂತೆ ನೋಡಿಕೊಳ್ಳಬೇಕು.

ಹೊಂದಿಸಬಹುದಾದ ಕವಾಟದ ತಿರುಪನ್ನು ಒಳಕ್ಕೆ ತಿರುಗಿಸಿದರೆ ತೆರೆಯುವ ಮತ್ತು ಮುಚ್ಚುವ ಒತ್ತಡಗಳೆರಡೂ ಒಟ್ಟಿಗೆ ಏರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಬದಲಿಸಲಾಗದು. ಅವುಗಳ ಅನುಪಾತ ನಿರ್ಧಾರವಾಗುವುದು ವಿಸ್ತೀರ್ಣಗಳಿಂದ. ಅನುಪಾತವೇ ತಪ್ಪಿದ್ದರೆ ಒಳಗಿನ ಭಾಗ ಕೆಟ್ಟಿದೆ ಎಂದು ತಿಳಿಯಬೇಕು. ಯಾವ ದುರಸ್ತಿಯ ನಂತರವೂ ಹಿಂದೆ ಹೇಳಿದ ನಾಲ್ಕೂ ಪರೀಕ್ಷೆಗಳನ್ನು ಮತ್ತೆ ಮಾಡಬೇಕು.

ನಿಯತ ನಿರ್ವಹಣೆ

ಡ್ರೈಯರ್ ಇಲ್ಲದ ವಾಹನದಲ್ಲಿ ಟ್ಯಾಂಕುಗಳ ನೀರನ್ನು ದಿನಾಲೂ ಬಿಡಬೇಕು. ಡ್ರೈಯರ್ ಇರುವ ವಾಹನದಲ್ಲೂ ಆಗಾಗ ಡ್ರೈನ್ ತೆರೆದು ನೋಡುವುದು ಒಳ್ಳೆಯದು. ನೀರು ಬಂದರೆ ಡ್ರೈಯರ್ ಕಾರ್ಟ್ರಿಜ್‌ನ ಆಯುಸ್ಸು ಮುಗಿದಿರಬಹುದು, ಎಣ್ಣೆ ಬಂದರೆ ಕಂಪ್ರೆಸರನ್ನು ಪರೀಕ್ಷಿಸಬೇಕು. ಕಾರ್ಟ್ರಿಜ್ ಬದಲಾವಣೆಯನ್ನು ಮುಂದೂಡಿದರೆ ಕವಾಟಗಳೇ ಬೇಗ ಕೆಡುತ್ತವೆ. ಮಳೆ ಹೆಚ್ಚಿರುವ ಕರಾವಳಿ ಮತ್ತು ಮಲೆನಾಡಿನ ದಾರಿಗಳಲ್ಲಿ ಗಾಳಿಯ ತೇವ ಹೆಚ್ಚು. ಘಟ್ಟದ ಇಳಿಜಾರುಗಳಲ್ಲಿ ಬ್ರೇಕ್ ಬಳಕೆ ಹೆಚ್ಚಿದಂತೆ ಕಂಪ್ರೆಸರಿನ ಕೆಲಸವೂ ಹೆಚ್ಚುತ್ತದೆ. ಶಿರಾಡಿ, ಚಾರ್ಮಾಡಿಯಂಥ ಘಟ್ಟಗಳಲ್ಲಿ ನಿತ್ಯ ಓಡಾಡುವ ವಾಹನಗಳಿಗೆ ಪರೀಕ್ಷೆಯ ಅವಧಿಯನ್ನು ಇದನ್ನು ಗಮನದಲ್ಲಿಟ್ಟು ನಿರ್ಧರಿಸುವುದು ಸೂಕ್ತ.

ಪ್ರತಿ ಪರೀಕ್ಷೆಯ ದಿನಾಂಕ, ಓಡಿದ ದೂರ, ಪ್ರತಿ ಸರ್ಕ್ಯೂಟಿನ ತೆರೆಯುವ ಮತ್ತು ಮುಚ್ಚುವ ಒತ್ತಡಗಳನ್ನು ವಾಹನದ ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಒಂದೇ ಸಲದ ಅಂಕಿ ಮಿತಿಯೊಳಗಿದ್ದರೂ ಸಾಲಾಗಿ ಇಳಿಯುತ್ತಿರುವ ಅಂಕಿಗಳು ಸ್ಪ್ರಿಂಗ್ ಸೋಲುತ್ತಿರುವುದನ್ನು ಮೊದಲೇ ತಿಳಿಸುತ್ತವೆ.

ಮಾನದಂಡಗಳು

ಅಮೆರಿಕದ ಮಾನದಂಡ 121ರ ಪ್ರಕಾರ ಲಾರಿ ಮತ್ತು ಬಸ್ಸಿನ ಟ್ಯಾಂಕುಗಳ ಒಟ್ಟು ಗಾತ್ರ ಎಲ್ಲ ಬ್ರೇಕ್ ಚೇಂಬರುಗಳ ಗಾತ್ರದ 12 ಪಟ್ಟು ಇರಬೇಕು. ಟ್ರೇಲರಿಗೆ ಇದು 8 ಪಟ್ಟು. ಬ್ರೇಕ್ ಟ್ಯಾಂಕುಗಳನ್ನು ಏಕಮುಖ ಕವಾಟ ಅಥವಾ ಅದಕ್ಕೆ ಸಮನಾದ ಸಾಧನದಿಂದ ರಕ್ಷಿಸಬೇಕು, ಅದು ಕೆಲಸಮಾಡುತ್ತಿದೆಯೇ ಎಂಬುದನ್ನು ಯಾವ ಕೊಳವೆಯನ್ನೂ ಬಿಚ್ಚದೆ ಪರೀಕ್ಷಿಸಲು ಸಾಧ್ಯವಾಗಬೇಕು ಎಂದೂ ಅದು ಹೇಳುತ್ತದೆ. ಟ್ರೇಲರಿನ ಕಾಲು ಬ್ರೇಕ್ ವ್ಯವಸ್ಥೆಯಲ್ಲಿ ಒಂದು ಸೋರಿಕೆಯಾದರೆ ಪೂರೈಕೆ ಕೊಳವೆಯ ಒತ್ತಡ 70 ಪಿಎಸ್‌ಐಗಿಂತ ಕೆಳಗೆ ಇಳಿಯಬಾರದು. ಕೆಲವು ನಿರ್ದಿಷ್ಟ ಭಾಗಗಳ ಸೋರಿಕೆಗೆ ಮಾತ್ರ ಇದರಿಂದ ವಿನಾಯಿತಿಯಿದೆ. ಯುರೋಪಿನ 13ನೇ ನಿಯಮವು ಪೂರಕ ಸಾಧನಗಳ ಬಳಕೆಯಿಂದ ಬ್ರೇಕಿಗೆ ಬೇಕಾದ ಗಾಳಿ ಕಡಿಮೆಯಾಗಬಾರದು ಎಂದು ವಿಧಿಸುತ್ತದೆ.

ಭಾರತದಲ್ಲಿ ಬ್ರೇಕಿನ ಅಗತ್ಯಗಳನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 96ನೇ ನಿಯಮ ಮತ್ತು ಭಾರತೀಯ ಮಾನಕ ಐಎಸ್ 11852 ನಿಗದಿಪಡಿಸುತ್ತವೆ. ಸಾರಿಗೆ ವಾಹನಗಳ ಅರ್ಹತಾ ಪ್ರಮಾಣಪತ್ರ 62ನೇ ನಿಯಮದ ವ್ಯಾಪ್ತಿಗೆ ಬರುತ್ತದೆ. ಎಂಟು ವರ್ಷದವರೆಗಿನ ವಾಹನಗಳಿಗೆ ಅದನ್ನು ಎರಡು ವರ್ಷಕ್ಕೊಮ್ಮೆ, ನಂತರ ವರ್ಷಕ್ಕೊಮ್ಮೆ ನವೀಕರಿಸಬೇಕು.

ಇಂದಿನ ಸ್ಥಿತಿ

ಭಾರತದಲ್ಲಿ ಗಾಳಿ ಬ್ರೇಕ್ ಸಾಧನಗಳ ತಯಾರಿಕೆಯಲ್ಲಿ ಮೊದಲಿನಿಂದ ಹೆಸರಾದದ್ದು ಬ್ರಿಟನ್ನಿನ ಕ್ಲೇಟನ್ ಡಿವಾಂಡ್ರೆ ಕಂಪನಿಯ ಸಹಯೋಗದಲ್ಲಿ 1962ರಲ್ಲಿ ಚೆನ್ನೈಯಲ್ಲಿ ಆರಂಭವಾದ ಸುಂದರಂ ಕ್ಲೇಟನ್. ಅದರ ಬ್ರೇಕ್ ವಿಭಾಗ ಮುಂದೆ ವಾಬ್ಕೊ ಸಂಸ್ಥೆಯ ಕೈಗೆ ಬಂತು. 2020ರಲ್ಲಿ ವಾಬ್ಕೊವನ್ನು ಜರ್ಮನಿಯ ಝಡ್‌ಎಫ್ ಕೊಂಡುಕೊಂಡಿತು. ಕರ್ನಾಟಕದಲ್ಲಿ ಹೊಸಕೋಟೆಯ ವೋಲ್ವೊ ಕಾರ್ಖಾನೆಯಿಂದ ಹೊರಬಂದ ಬಸ್ಸುಗಳು ರಾಜ್ಯದ ಸಾರಿಗೆ ನಿಗಮಗಳಿಗೆ ಸೇರಿದ ಮೇಲೆ ಗಾಳಿ ಬ್ರೇಕ್, ಗಾಳಿ ಸಸ್ಪೆನ್ಷನ್, ಗಾಳಿ ಬಾಗಿಲು ಮೂರೂ ಒಂದೇ ಕಂಪ್ರೆಸರನ್ನು ನೆಚ್ಚಿದ ವಾಹನಗಳ ನಿರ್ವಹಣೆ ಡಿಪೋಗಳ ನಿತ್ಯದ ಕೆಲಸವಾಯಿತು.

ಇಲೆಕ್ಟ್ರಾನಿಕ್ ಘಟಕಗಳು ಪ್ರತಿ ಸರ್ಕ್ಯೂಟಿನ ಒತ್ತಡವನ್ನು ಸದಾ ಅಳೆಯುವುದರಿಂದ ಹಲವು ದೋಷಗಳನ್ನು ದೋಷಸಂಕೇತವಾಗಿ ದಾಖಲಿಸುತ್ತವೆ. ಆದರೂ ಕವಾಟ ನಿಜವಾಗಿ ಮುಚ್ಚಿಕೊಳ್ಳುತ್ತದೆಯೇ ಎಂಬುದು ಒತ್ತಡ ಇಳಿಸಿ ನೋಡಿದಾಗಲೇ ಖಚಿತವಾಗುತ್ತದೆ. ಬ್ಯಾಟರಿಯಿಂದ ಓಡುವ ಬಸ್ಸುಗಳಲ್ಲಿ ಕಂಪ್ರೆಸರನ್ನು ವಿದ್ಯುತ್ ಮೋಟಾರ್ ನಡೆಸುತ್ತದೆ. ಟ್ಯಾಂಕ್, ಬ್ರೇಕ್ ಚೇಂಬರ್ ಮತ್ತು ಸರ್ಕ್ಯೂಟುಗಳ ವಿಂಗಡಣೆ ಮಾತ್ರ ಬಹುಮಟ್ಟಿಗೆ ಹಿಂದಿನಂತೆಯೇ ಇದೆ. ಗಾಳಿಯಿಂದ ಬ್ರೇಕ್ ಹಿಡಿಯುವ ಭಾರಿ ವಾಹನಗಳಿಗೆ ಶಕ್ತಿಯ ಮೂಲ ಯಾವುದೇ ಇರಲಿ, ಒತ್ತಡ ರಕ್ಷಣಾ ಕವಾಟವೂ ಅದರ ನಿಯತ ಪರೀಕ್ಷೆಯೂ ಅಗತ್ಯವಾಗಿ ಉಳಿದಿವೆ.